ಮಗ್ಗಕ್ಕೆ ಸಂದ ಗದ್ದುಗೆ

ಪೂಜ್ಯ ಶ್ರೀ ಮೌನಲಿಂಗ ಶರಣರು ಹೊಳೆಸಂಗಾಪುರದಲ್ಲಿದ್ದ ಕಾಲ. ಮಠವೆಂದರೆ ಮಣ್ಣಿನ ಮೂರು ಗೋಡೆ, ತಗಡಿನ ಚಪ್ಪರ, ಅದರಡಿ ಸಾಗವಾನಿಯ ಎತ್ತರದ ಗದ್ದುಗೆ. ಬೆಲೆಬಾಳುವ ವಸ್ತು ಅಲ್ಲಿದ್ದದ್ದು ಅದೊಂದೇ. ನೆರೆ ಇಳಿದ ಮಾರನೆಯ ಬೆಳಿಗ್ಗೆ ಶರಣರು ಅಂಗಳದ ಕೆಸರನ್ನು ತಾವೇ ಬಾಚುತ್ತಿದ್ದರು.

ಆಗ ಬಂದವನು ನೇಕಾರ ಚನಮಲ್ಲಪ್ಪ. ಅವನದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವುದು. ಹೊಳೆ ಮನೆಯೊಳಗೆ ಬಂದರೆ ಮೊದಲು ತುಂಬುವುದೇ ಆ ಕುಣಿ. ಮಳೆಗಾಲ ಬಂತೆಂದರೆ ಮಗ್ಗಕ್ಕೆ ಬಿಗಿದ ಹಾಸುನೂಲು ಕೊಳೆಯುತ್ತಿತ್ತು. ನೀರಿಳಿದ ಮೇಲೆ ಅವನು ಹೂಳು ತೆಗೆದು, ಕಾಯಿ ಒಡೆದು, ಅಲ್ಲೇ ಮತ್ತೆ ಮಗ್ಗ ಹೂಡುತ್ತಿದ್ದ. ಅಜ್ಜ ಮುತ್ತಜ್ಜ ಕಾಲಿಟ್ಟ ಕುಣಿ, ಮುಚ್ಚಿದರೆ ವಂಶಕ್ಕೆ ಕೇಡೆಂದು ನಂಬಿದ್ದ. ಈ ಸಲ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು: ಇನ್ನೊಂದು ಹಾಸು ಕೊಳೆತರೆ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುವುದೇ.

"ಯಪ್ಪಾ, ಒಂದ ಚಿಟಿಕಿ ಭಸ್ಮ ಕೊಡ್ರಿ. ಕುಣ್ಯಾಗ ಹಾಕ್ತೀನಿ. ಹೊಳಿ ಒಳಗ ಬರಬಾರ್ದು," ಎಂದ.

"ಹೊಳಿ ನನ್ನ ಮಾತ ಕೇಳೂದಿಲ್ಲೋ ತಮ್ಮಾ," ಎಂದು ಶರಣರು ನಕ್ಕರು. ಆಮೇಲೆ ಗದ್ದುಗೆಯತ್ತ ಕೈ ತೋರಿದರು. "ಇದನ್ನ ಒಯ್ಯಿ. ಕುಣಿ ಮುಚ್ಚಿ, ಇದರ ಮ್ಯಾಲ ಮಗ್ಗ ಏರಸು."

ಚನಮಲ್ಲಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಭಸ್ಮ ಕೇಳಿದರೆ ಗದ್ದುಗೆಯೇ? ಗುರು ಕೂತ ಹಲಗೆಯ ಮೇಲೆ ಕಾಲೂರುವುದೇ? ಇದು ಪರೀಕ್ಷೆಯೋ, ಚೇಷ್ಟೆಯೋ, ಮುದಿತನದ ಮರುಳೋ? ಒಯ್ದರೆ ಗುರುದ್ರೋಹ, ಬಿಟ್ಟರೆ ಆಜ್ಞೆ ಮೀರಿದ ಪಾಪ. ಅತ್ತ ದರಿ, ಇತ್ತ ಪುಲಿ.

"ಕಾಲ ತಾಕ್ತಾವಲ್ರೀ ಯಪ್ಪಾ..."

"ದುಡಿಯೋ ಕಾಲ ತಾಕಿದ್ರ ಅದು ಖರೇ ಗದ್ದಿಗಿ ಆಕ್ಕೈತಿ," ಎಂದು ಶರಣರು ಒಂದು ತುದಿ ಎತ್ತಿಯೇ ಬಿಟ್ಟರು.

ಅವನು ಗೊಂದಲದಲ್ಲೇ ಹೊತ್ತುಕೊಂಡು ಹೋದ. ಅಳುತ್ತ ಕುಣಿ ಮುಚ್ಚಿದ. ಮೊದಮೊದಲು ಕಾಲು ತಾಕಿದಾಗಲೆಲ್ಲ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದನಂತೆ. ಹೀಗಾದರೆ ಸೀರೆ ಮುಗಿಯುವುದೆಂದಿಗೆ?

ಮರುವರ್ಷ ಹೊಳೆ ಮತ್ತೆ ಬಂತು. ನೀರು ಹಲಗೆಯ ಕೆಳಗೇ ನಿಂತಿತು. ಹಾಸಿನ ಒಂದೆಳೆಯೂ ನೆನೆಯಲಿಲ್ಲ. ಚನಮಲ್ಲಪ್ಪ ಮಠಕ್ಕೆ ಓಡಿದ. ಶರಣರು ಹಸಿ ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತಿದ್ದರು. ಅವನು "ಗದ್ದಿಗಿ ತಿರುಗಿ ತರ್ತೀನ್ರಿ," ಎಂದು ಪಾದ ಹಿಡಿದ.

ಶರಣರು ಕೇಳಿದ್ದು ಒಂದೇ ಮಾತು: "ಮುರಿಗೆವ್ವನ ಕುಣ್ಯಾಗ ನೀರ ಎಷ್ಟ ಐತಿ?"

ಮುರಿಗೆವ್ವ ಅವನ ನೆರೆಮನೆಯವಳು, ಗಂಡ ಸತ್ತ ಮೇಲೆ ತಾನೇ ನೇಯುತ್ತಿದ್ದವಳು. ಚನಮಲ್ಲಪ್ಪ ಮನೆಗೆ ಹೋದವನೇ ಬೀದಿಬಾಗಿಲು ಕಿತ್ತು, ಹೆಗಲಿಗೇರಿಸಿ, ಅವಳ ಮನೆಯತ್ತ ಹೊರಟ.

"ಬಾಗಲಾ ಒಯ್ದ್ರ ಕಳ್ಳರು ಬರಾಂಗಿಲ್ಲೇನ್ರೀ?" ಎಂದು ಹೆಂಡತಿ ಕೂಗಿದಳು.

"ಬರ್ಲಿ ಬಿಡ. ಹೊಳೀನ ಬಂದ ಹೋತು, ಕಳ್ಳಂದೇನ ಅಂಜಿಕಿ!"