ಮಧ್ಯಾಹ್ನ ಎಬ್ಬಿಸುವವರು

"ಉಂಡಿದ್ದೀರಿ, ಒಂದು ಗಳಿಗೆ ಅಡ್ಡಾಗಿ. ನಾನೇ ಎಬ್ಬಿಸ್ತೀನಿ."

ಹೊನ್ನಯ್ಯನಿಗೆ ಅವನ ಹೆಂಡತಿ ದ್ಯಾವಮ್ಮ ಆಡಿದ ಕೊನೆಯ ಮಾತು ಇದು.

ಅವನು ಮಲಗಿದ. ಅವಳು ಎಬ್ಬಿಸಲಿಲ್ಲ. ಹೊತ್ತು ಇಳಿದ ಮೇಲೆ ತಾನಾಗೇ ಎದ್ದು ನೋಡಿದರೆ, ಅವಳು ಒಲೆಯ ಮುಂದೆ ಒರಗಿದ್ದಳು. ಮೈ ತಣ್ಣಗಾಗಿತ್ತು.

ತಿಥಿ ಮುಗಿಸಿದ. ಅವಳ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊಳೆದಂಡೆಯ ಆಶ್ರಮಕ್ಕೆ ಬಂದು ಗುರುಗಳ ಕಾಲಿಗೆ ಬಿದ್ದ.

ಆ ಆಶ್ರಮದಲ್ಲಿ ಒಂದು ಪದ್ಧತಿ. ಮಧ್ಯಾಹ್ನ ಉಂಡ ಮೇಲೆ ಎಲ್ಲರೂ ಜಗಲಿಯಲ್ಲಿ ಎಡಮಗ್ಗುಲಾಗಿ ಮಲಗಬೇಕು. ಸ್ವಲ್ಪ ಹೊತ್ತಿಗೆ ಗುರುಗಳೇ ಬಂದು, ಒಬ್ಬೊಬ್ಬರ ಹಣೆ ಮುಟ್ಟಿ, ಹೆಸರು ಹಿಡಿದು ಎಬ್ಬಿಸುವರು.

ಹೊನ್ನಯ್ಯ ಮಾತ್ರ ಮಲಗುತ್ತಿರಲಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ ರಾಗಿಯ ಹತ್ತಿರ ಕಾಗೆ ಓಡಿಸುತ್ತಾ ಕೂರುತ್ತಿದ್ದ. ಕಣ್ಣುಗಳು ಕೆಂಪಗಾಗಿದ್ದವು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಚಿಕ್ಕಬೋರನನ್ನು ಕಂಡರೆ ಅವನಿಗೆ ಹೊಟ್ಟೆಯುರಿ. ಹರಿಗೋಲು ಹಾಕುವ ಶಿಷ್ಯ ಅವನು, ಗಟ್ಟಿಮುಟ್ಟಾದ ಆಳು. ತಲೆ ಊರಿದರೆ ಸಾಕು, ಗೊರಕೆ.

"ಬುದ್ಧಿ, ಹಗಲುನಿದ್ದೆ ಮೈಗೆ ಒಳ್ಳೇದಲ್ಲ," ಎಂದ ಹೊನ್ನಯ್ಯ, ಗುರುಗಳಿಗೆ. "ಕಫ ಕಟ್ಟುತ್ತೆ. ಹೊಟ್ಟೆ ಬರುತ್ತೆ."

"ಯಾರಿಗೆ ಬಂತು?" ಎಂದರು ಗುರುಗಳು.

"ಚಿಕ್ಕಬೋರನಿಗೆ ಬರುತ್ತೆ, ನೋಡ್ತಾ ಇರಿ."

"ಅಣ್ಣ, ನನ್ನ ಹೊಟ್ಟೆ ಮೇಲೆ ನಿನಗ್ಯಾಕೆ ಕಣ್ಣು?" ಚಿಕ್ಕಬೋರ ನಕ್ಕ. "ಪಕ್ಕದಲ್ಲಿ ಜಾಗ ಬಿಡ್ತೀನಿ, ಬಾ."

ಆ ನಗು ಹೊನ್ನಯ್ಯನನ್ನು ಇನ್ನಷ್ಟು ಉರಿಸಿತು.

ಮಾರನೆಯ ದಿನ ಚಿಕ್ಕಬೋರನ ಕಣ್ಣು ಮುಚ್ಚಿದ್ದೇ ತಡ, ಹೊನ್ನಯ್ಯ ಜಾಗಟೆ ಬಾರಿಸಿದ. ಎಲ್ಲರೂ ಬೆಚ್ಚಿಬಿದ್ದು ಎದ್ದರು. ಆಮೇಲೆ ದಿನಾ ಅದೇ ಆಯಿತು. ಗುರುಗಳು ತಡೆಯಲಿಲ್ಲ.

ಒಂದು ದಿನ ಅರೆನಿದ್ದೆಯಲ್ಲೇ ಹರಿಗೋಲು ಹತ್ತಿದ ಚಿಕ್ಕಬೋರ ನಡುಹೊಳೆಯಲ್ಲಿ ತೂಕಡಿಸಿದ. ಹರಿಗೋಲು ಬಂಡೆಗೆ ಬಡಿಯಿತು. ಈಜಿ ದಡ ಸೇರಿದ. ಮೊಣಕಾಲು ಒಡೆದಿತ್ತು.

ಗುರುಗಳು ಗಾಯಕ್ಕೆ ಅರಿಶಿನ ಹಚ್ಚುತ್ತಾ, ತಲೆ ಎತ್ತದೆ ಕೇಳಿದರು. "ಹೊನ್ನಯ್ಯ, ಇವನ ನಿದ್ದೆ ನಿನಗೆ ಬೇಕಾಗಿತ್ತಾ?"

"ನಿದ್ದೆ ಅಲ್ಲ, ಬುದ್ಧಿ."

"ಮತ್ತೆ?"

ಹೊನ್ನಯ್ಯ ಜಗಲಿಯ ಕಡೆ ನೋಡಿದ.

"ಅವನನ್ನ ಎಬ್ಬಿಸೋಕೆ ಒಬ್ಬರು ಬರ್ತಾರೆ. ನನ್ನನ್ನ ಎಬ್ಬಿಸ್ತೀನಿ ಅಂದವಳು ಬರಲಿಲ್ಲ."

ಚಿಕ್ಕಬೋರ ನಗಲಿಲ್ಲ.

ಗುರುಗಳು ಎದ್ದು ಹೋದರು. ಮೂಲೆಯಲ್ಲಿ ನಿಲ್ಲಿಸಿದ್ದ ದ್ಯಾವಮ್ಮನ ಚಾಪೆ ತಂದು ಹೊನ್ನಯ್ಯನ ಮಡಿಲಿಗಿಟ್ಟರು. ಬಂದಾಗ ಸುತ್ತಿದ್ದ ಹಾಗೇ ಇತ್ತು. ತುದಿಗೆ ಗೆದ್ದಲು ಹಿಡಿದಿತ್ತು.

ಮಾರನೆಯ ಬೆಳಿಗ್ಗೆ ಹೊನ್ನಯ್ಯ ಚಾಪೆ ಬಿಚ್ಚಿದ. ಗೆದ್ದಲು ಒದರಿದ. ಹೊಳೆಯಲ್ಲಿ ತೊಳೆದು ಬಂಡೆಯ ಮೇಲೆ ಹರವಿದ. ಪಕ್ಕದಲ್ಲೇ ಕೂತ.

ಸ್ನಾನಕ್ಕೆ ಬಂದ ಗುರುಗಳು ನಿಂತರು.

"ಮಧ್ಯಾಹ್ನ ಇದರ ಮೇಲೆ ಮಲಗ್ತೀನಿ, ಬುದ್ಧಿ," ಎಂದ ಹೊನ್ನಯ್ಯ. "ನೀವು ಎಬ್ಬಿಸ್ತೀರಿ ತಾನೆ?"

ಗುರುಗಳು ಬಗ್ಗಿ, ಮಡಿಚಿಹೋಗಿದ್ದ ಚಾಪೆಯ ಅಂಚನ್ನು ಬಿಸಿಲಿಗೆ ಬಿಡಿಸಿದರು.

"ಎಬ್ಬಿಸ್ತೀನಿ ಅಂತ ಮಾತು ಕೊಡೋಲ್ಲ, ಹೊನ್ನಯ್ಯ. ಮಲಗು."