ಬೆಲ್ಟಿನ ಒಳತುದಿ

"ಟೀಚರ್, ಏನೂ ತಿಳಿಯದವಳು ಕಾರು ವ್ಯಾಪಾರಿಯ ಮುಂದೆ ಧೈರ್ಯವಾಗಿ ನಿಲ್ಲೋದು ಹೇಗೆ?"

ಕೇಳಿದವಳು ಸ್ಟಿಯರಿಂಗ್ ಹಿಡಿದಿದ್ದ ತುಳಸಿ. ಊರಿನ ಡೈರಿಯಲ್ಲಿ ರೈತರು ತಂದ ಹಾಲನ್ನು ಪರೀಕ್ಷಿಸುವುದು ಅವಳ ಕೆಲಸ. ಡ್ರೈವಿಂಗ್ ಕಲಿತಾಗಿತ್ತು, ಲೈಸೆನ್ಸ್ ಕೈಗೆ ಬಂದಿತ್ತು. ಮರುದಿನ ತನ್ನ ಮೊದಲ ಕಾರನ್ನು ಕೊಳ್ಳಲು ಹೊರಟಿದ್ದಳು, ಯಾರೋ ಓಡಿಸಿ ಬಿಟ್ಟ ಹಳೆಯ ಕಾರು.

"ನಾನು ಪಕ್ಕದಲ್ಲಿ ನಿಂತಿರ್ತೀನಿ, ಅಷ್ಟೇ. ದೊಡ್ಡಪ್ಪ, ಅಣ್ಣ ನೋಡಿಕೊಳ್ತಾರೆ," ಎಂದಳು.

ಅವಳಿಗೆ ಡ್ರೈವಿಂಗ್ ಕಲಿಸಿದ ಸುಗುಣಮ್ಮ ಪಕ್ಕದ ಸೀಟಿನಲ್ಲಿ ಕೂತಿದ್ದರು. ತಮ್ಮ ಕಾರನ್ನು ರಸ್ತೆಯ ಬದಿಗೆ ತರಿಸಿ ಎಂಜಿನ್ ನಿಲ್ಲಿಸಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬಳು ದರ್ಜಿ ಇದ್ದಳು. ಸುತ್ತಲಿನ ಶಾಲೆಗಳಿಗೆ ಸಮವಸ್ತ್ರ ಹೊಲಿದು, ಗಂಟು ಕಟ್ಟಿ, ಸ್ಕೂಟರಿನ ಮೇಲೆ ತಾನೇ ಒಯ್ದು ಕೊಡುತ್ತಿದ್ದಳು. ಒಂದು ಮಳೆಗಾಲದಲ್ಲಿ ಗಂಟು ಬಿಚ್ಚಿ ನಲವತ್ತು ಅಂಗಿಗಳು ಕೆಸರಿಗೆ ಬಿದ್ದವು. ಎಷ್ಟು ಒಗೆದರೂ ಕಲೆ ಹೋಗಲಿಲ್ಲ. ನಲವತ್ತನ್ನೂ ಮತ್ತೆ ಹೊಲಿದು ಕೊಟ್ಟಳು. ಅಂದೇ ಕಾರು ಕೊಳ್ಳುವ ಹಟ ಹಿಡಿದಳು. ಹಣ ಕೂಡಿಸಲು ಆರು ವರ್ಷ ಬೇಕಾಯಿತು. ಆ ಹಣ ಕೆಟ್ಟ ಗಾಡಿಗೆ ಹೋದರೆ ಇನ್ನೂ ಆರು ವರ್ಷ ಸ್ಕೂಟರೇ ಗತಿ.

ಕಾರು ನೋಡಲು ಹೊರಟ ದಿನ ಸೋದರಮಾವ ಮತ್ತು ಭಾವ ಕರೆಯದೆಯೇ ಬಂದರು. ಹಳೆ ಕಾರುಗಳ ವ್ಯಾಪಾರಿ ಮಾವನಿಗೆ ಕುರ್ಚಿ ಹಾಕಿದ, ಭಾವನಿಗೆ ಟೀ ತರಿಸಿದ. ದರ್ಜಿಗೆ, "ಬಣ್ಣ ಯಾವುದು ಬೇಕು ನೋಡಮ್ಮ," ಎಂದ. ಹಣ ಮಾತ್ರ ಅವಳ ಚೀಲದಲ್ಲಿತ್ತು.

ಬಿಳಿ ಕಾರೊಂದು ಫಳಫಳ ಹೊಳೆಯುತ್ತಿತ್ತು. ಮಾವ ಅದರ ಚಕ್ರಕ್ಕೆ ಒದ್ದ. ಗಂಡಸಾಗಿ ಹುಟ್ಟಿದವನು ಕಾರಿನ ಚಕ್ರಕ್ಕೆ ಒದ್ದೇ ತೀರಬೇಕು. ಒದ್ದರೆ ಏನು ತಿಳಿಯುತ್ತದೆಂದು ಇಂದಿನವರೆಗೆ ಯಾರೂ ಹೇಳಿಲ್ಲ. ಭಾವ ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿಸಿದ. ಒಂಬತ್ತು ಬಂತು. "ಒಳ್ಳೇ ನಂಬರು ಕಣೇ, ಬಿಡಬೇಡ," ಎಂದ.

ದರ್ಜಿ ಒಳಗೆ ಕೂತಳು. ಎಂಜಿನ್ ಅವಳಿಗೆ ತಿಳಿಯದು. ಅವಳ ಕಣ್ಣು ತಾನಾಗಿಯೇ ಬಟ್ಟೆಯನ್ನು ಹುಡುಕಿತು. ಸೀಟಿನ ಕವರು ಹೊಸದು. ಹೊಸದರಿಂದ ಏನೂ ತಿಳಿಯುವುದಿಲ್ಲ. ಸೀಟ್ ಬೆಲ್ಟ್ ಹಿಡಿದು ಎಳೆದಳು. ಎದೆಯವರೆಗೆ ಬಂದರೂ ಬಿಡದೆ ಇನ್ನೂ ಎಳೆದಳು.

ಭಾವ ನಕ್ಕ. "ಅದರಲ್ಲೇನು ಲಂಗ ಹೊಲೀತೀಯಾ?"

"ಬಟ್ಟೆ ಅಂಗಡಿಯವರು ಮಡಿಕೆಯ ಮೇಲ್ಭಾಗ ತೋರಿಸ್ತಾರೆ ಭಾವ. ಪೂರ್ತಿ ಬಿಚ್ಚಿ ನೋಡದೆ ನಾನು ಯಾವತ್ತೂ ಕತ್ತರಿ ಇಟ್ಟವಳಲ್ಲ."

ಬೆಲ್ಟು ಪೂರ್ತಿ ಹೊರಗೆ ಬಂತು. ಕಣ್ಣಿಗೆ ಕಾಣುವ ಭಾಗ ಚೊಕ್ಕಟವಾಗಿತ್ತು. ಸದಾ ಒಳಗೆ ಸುತ್ತಿಕೊಂಡಿರುವ ತುದಿಯಲ್ಲಿ ಕಂದು ಕಲೆ. ಉಗುರಿನಿಂದ ಕೆರೆದಳು, ಒಣಮಣ್ಣು ಉದುರಿತು. ಅಂಥ ಕಲೆಯನ್ನು ಅವಳು ನಲವತ್ತು ಅಂಗಿಗಳ ಮೇಲೆ ನೋಡಿದ್ದಳು. ಪಕ್ಕದ ಸೀಟಿನ ಬೆಲ್ಟನ್ನೂ ಎಳೆದಳು. ಅಲ್ಲೂ ಅದೇ.

"ಅಣ್ಣ, ಈ ಗಾಡಿ ಎಷ್ಟು ದಿನ ನೀರಲ್ಲಿ ಮುಳುಗಿತ್ತು?"

ವ್ಯಾಪಾರಿ ಮಾವನ ಮುಖ ನೋಡಿದ. ಮಾವ ಚಕ್ರವನ್ನು ನೋಡಿದ. ಕೊನೆಗೆ ವ್ಯಾಪಾರಿ ಮೊದಲ ಸಲ ಅವಳ ಮುಖ ನೋಡಿದ.

"ಎರಡೇ ದಿನ, ಮೇಡಂ."

ಅದುವರೆಗೆ ಅಮ್ಮ ಆಗಿದ್ದವಳು ಈಗ ಮೇಡಂ ಆದಳು.

ಅವಳು ಬೆಲ್ಟನ್ನು ಮೆಲ್ಲಗೆ ಒಳಗೆ ಬಿಟ್ಟು ಕೆಳಗಿಳಿದಳು. "ನಂಬರು ಮಾತ್ರ ಚೆನ್ನಾಗಿತ್ತು," ಎಂದು ಭಾವ ಗೊಣಗಿದ.

"ಹಾಗಾದರೆ ಪ್ಲೇಟು ಬಿಚ್ಚಿಸಿಕೊಂಡು ಬನ್ನಿ ಭಾವ," ಎಂದು ಅವಳು ನಡೆದಳು.

ಮುಂದಿನ ತಿಂಗಳು ಬೇರೆ ಕಡೆ ಒಂದು ಕಾರು ಕೊಂಡಳು. ತನಗೆ ತಿಳಿದದ್ದನ್ನು ತಾನೇ ನೋಡಿದಳು. ತಿಳಿಯದ ಎಂಜಿನ್ನನ್ನು ಕೂಲಿ ಕೊಟ್ಟು ಮೆಕ್ಯಾನಿಕ್ಕಿಗೆ ತೋರಿಸಿದಳು. ಪೂಜೆಯ ದಿನ ಚಕ್ರದ ಕೆಳಗಿಟ್ಟ ನಿಂಬೆಹಣ್ಣುಗಳ ಮೇಲೆ ತಾನೇ ಗಾಡಿ ಹಾಯಿಸಿದಳು. ಹಿಂದೆ ಕೂತ ಮಾವ ಮೊದಲು ಮಾಡಿದ ಕೆಲಸ, ಬೆಲ್ಟನ್ನು ತುದಿಯವರೆಗೆ ಎಳೆದು ನೋಡಿದ್ದು.

ಸುಗುಣಮ್ಮ ಕತೆ ನಿಲ್ಲಿಸಿದರು.

"ಅವಳಿಗೆ ಬಟ್ಟೆ ಗೊತ್ತಿತ್ತು, ಟೀಚರ್. ನನಗೇನು ಗೊತ್ತು?" ಎಂದಳು ತುಳಸಿ. "ಆದರೂ ನಾಳೆಯ ವ್ಯಾಪಾರಿಯನ್ನು ಮೊನ್ನೆ ಒಮ್ಮೆ ನೋಡಿದ್ದೆ, ಒಳ್ಳೆಯವರೇ ಅನ್ನಿಸುತ್ತೆ. ಮುಖ ನೋಡಿದರೇ ಗೊತ್ತಾಗುತ್ತೆ."

ಸುಗುಣಮ್ಮ ಕೇಳಿದರು:

"ಹಾಲಲ್ಲಿ ನೀರಿದೆಯೋ ಇಲ್ಲವೋ ಅಂತ ದಿನಾ ತಂದವರ ಮುಖ ನೋಡಿ ಹೇಳ್ತೀಯೋ, ಕ್ಯಾನಿನ ಮುಚ್ಚಳ ತೆಗೆದು ಹೇಳ್ತೀಯೋ?"