ಬೆಂಗಾಡಿನ ನಲವತ್ತು ಮನೆ

ಮರುಳಯ್ಯ ಗುರುಗಳು ಸಂಜೆ ಹೊತ್ತು ಶಿಷ್ಯರಿಗೆ ಒಂದು ನಾಡಿನ ಕಥೆ ಹೇಳುತ್ತಿದ್ದರು. ಎಲ್ಲೂ ಇಲ್ಲದ ನಾಡು. ಅಲ್ಲಿ ಎರಡು ಕೋಟೆ, ನಡುವೆ ನಲವತ್ತು ದಿನದ ದಾರಿಯ ಬೆಂಗಾಡು.

ಆ ನಾಡನ್ನು ಬಟ್ಟೆಯ ಮೇಲೆ ಬರೆದು ಯುದ್ಧದಾಟದ ಹಾಸು ಮಾಡುವ ಕೆಲಸ ಶಿಷ್ಯ ಸೋಮಲಿಂಗನ ಪಾಲಿಗೆ ಬಂತು. ಹಾಸು ಬೇಕೆಂದು ಕೇಳಿದವರು ಭರಮಣ್ಣ ಮತ್ತು ಕಸ್ತೂರಿನಾಯಕ, ಅಕ್ಕಪಕ್ಕದ ಪಾಳೆಯಪಟ್ಟುಗಳ ಕುಮಾರರು. ಇಬ್ಬರ ವಿದ್ಯೆಯೂ ಮುಗಿದಿತ್ತು. ತಿಂಗಳೊಳಗೆ ಹೊರಡುವವರು.

"ಇದ್ದದ್ದನ್ನು ಇದ್ದ ಹಾಗೆ ಬರೆ" ಎಂದಿದ್ದರು ಗುರುಗಳು.

ಹೊಳೆ, ಕಣಿವೆ, ಕೋಟೆ ಎಲ್ಲ ಹೇಳಿದ ಹಾಗೇ ಬಂದವು. ಅಷ್ಟರಲ್ಲಿ ಎರಡು ಬಟ್ಟೆ ಹಾಳಾಗಿದ್ದವು. ದಿನಕ್ಕೊಂದು ಮನೆಯಂತೆ ಬೆಂಗಾಡಿಗೆ ನಲವತ್ತು ಮನೆ ಎಳೆಯಬೇಕು. ಅಷ್ಟು ದೂರ ಕಾಯಿ ನಡೆಸುತ್ತ ಯಾರು ಕೂತಾರು? ದಣಿದಿದ್ದ ಸೋಮಲಿಂಗ ನಾಲ್ಕೇ ಮನೆ ಎಳೆದು ಎದ್ದ.

ಆಟ ಬೇಗ ಮುಗಿಯಿತು. ಐದನೆಯ ನಡೆಗೆ ಭರಮಣ್ಣನ ಪಡೆ ಕೋಟೆಗೆ ನುಗ್ಗಿತು. ಕಸ್ತೂರಿ "ಮೋಸ" ಎಂದ. ಭರಮಣ್ಣ ಅವನ ಅಪ್ಪನ ಹೆಸರೆತ್ತಿ ಬೈದ. ಅಂದಿನಿಂದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ.

ಗುರುಗಳು ಹಾಸಿನ ಮೇಲೆ ಬೆರಳಿಟ್ಟು ಎಣಿಸಿದರು.

"ಉಳಿದ ಮೂವತ್ತಾರು ಎಲ್ಲಿ, ಸೋಮಲಿಂಗ?"

"ಬರೀ ಮರಳಲ್ಲವೇ ಗುರುಗಳೇ? ಅಲ್ಲಿ ಏನೂ ನಡೆಯುವುದಿಲ್ಲ."

"ಹೌದು. ಅದನ್ನೂ ಬರೆ."

ಮತ್ತೆ ಬಟ್ಟೆ ಹೊಲಿದ, ಮತ್ತೆ ಗೆರೆ ಎಳೆದ. ಖಾಲಿ ಮನೆ, ಅದರ ಪಕ್ಕ ಇನ್ನೊಂದು ಖಾಲಿ ಮನೆ. ಎಂಟು ದಿನವಾಗುವಷ್ಟರಲ್ಲಿ ಬೆನ್ನು ನೆಟ್ಟಗಾಗದಾಯಿತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಕುಮಾರರು ಮುಖ ಗಂಟಿಕ್ಕಿಕೊಂಡೇ ಆಟಕ್ಕೆ ಕೂತರು. ಒಂದು ಮನೆ. ಇನ್ನೊಂದು ಮನೆ. ಬಿಸಿಲೇರಿತು. ಹದಿನೇಳನೆಯ ಮನೆಯಲ್ಲಿ ಭರಮಣ್ಣ ಆಕಳಿಸಿದ. ನೋಡಿದ ಕಸ್ತೂರಿಗೂ ಆಕಳಿಕೆ ಬಂತು. ತಡೆಯಲಾರದೆ ಇಬ್ಬರೂ ನಕ್ಕುಬಿಟ್ಟರು.

"ಸಾಕು ಕಣಪ್ಪಾ, ಹೊಳೆಯಲ್ಲಿ ಈಜೋಣ ಬಾ" ಎಂದ ಭರಮಣ್ಣ.

ಕಾಯಿಗಳು ಬೆಂಗಾಡಿನ ನಡುವೆಯೇ ಉಳಿದವು. ಸೋಮಲಿಂಗ ಅವನ್ನೇ ನೋಡುತ್ತ ಕೂತ. ಕಣ್ಣು ಉರಿಯುತ್ತಿತ್ತು.

"ಎಲ್ಲ ಕೆಟ್ಟಿತು ಗುರುಗಳೇ. ಅರ್ಧಕ್ಕೇ ಎದ್ದು ಹೋದರು. ಈ ಹಾಸಿನ ಮೇಲೆ ಯಾರೂ ಕೋಟೆ ಮುಟ್ಟುವುದಿಲ್ಲ."

ಗುರುಗಳು ಅವನ ಬೆನ್ನು ನೀವಿದರು.

"ಸರಿಯಾಗೇ ಬರೆದಿದ್ದೀಯ ಮಗು. ಆ ನಾಡಿನಲ್ಲೂ ಯಾರೂ ಕೋಟೆ ಮುಟ್ಟಲಿಲ್ಲ."